ಗ್ರೇತಕ್ಕನ ಕೆಂಪು ಕಾರು

ನಮ್ಮ ಎಸ್ಬಿಯರ್ಗ್ ಊರಿನಲ್ಲಿ ಗ್ರೇತಕ್ಕನ ಮುಖ ನೋಡಬೇಕೆಂದರೆ ಬಗ್ಗಿ ಕಾರಿನಡಿ ಇಣುಕಬೇಕಿತ್ತು. ಗಂಡ ಆಕ್ಸೆಲ್ ಸಾಯುವ ಮುನ್ನ ಕೊಂಡಿದ್ದ ಆ ಹಳೆಯ ಸ್ಪೋರ್ಟ್ಸ್ ಕಾರಿನ ತಳವನ್ನು ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಸುರಿಯುವ ಉಪ್ಪು ತಿಂದುಹಾಕಿತ್ತು. ನಾಲ್ಕು ವರ್ಷ ಆಕೆ ಅಂಗಾತ ಮಲಗಿ ತುಕ್ಕು ಕೆರೆದರು, ತಗಡು ಬೆಸೆದರು. ಕಾಫಿಯನ್ನೂ ಅಲ್ಲಿಗೇ ತರಿಸಿಕೊಂಡರು. "ಮುಗೀತಾ ಗ್ರೇತಕ್ಕ?" ಎಂದರೆ, "ಇನ್ನೊಂದೇ ತೂತು ಕಣಪ್ಪ," ಎನ್ನುವರು. ಮೊನ್ನೆ ನಾನೇ ಕಾರನ್ನು ತಪಾಸಣೆಗೆ ಒಯ್ದೆ. "ತಳ ಗಟ್ಟಿಯಾಗಿದೆ, ಎಲ್ಲಿಗೆ ಬೇಕಾದ್ರೂ ಹೊರಡಿ," ಎಂದರು ಅಲ್ಲಿಯವರು. ಸುದ್ದಿ ಕೇಳಿದ ಗ್ರೇತಕ್ಕ ಮುಖ ತೊಳೆದು, ತುಟಿಗೆ ಬಣ್ಣ ಹಚ್ಚಿ ಬಂದು, ಚಾಲಕನ ಪಕ್ಕದ ಸೀಟಿನಲ್ಲಿ ಕೂತರು. ಅವರಿಗೆ ಕಾರು ಓಡಿಸಲು ಬರುವುದೇ ಇಲ್ಲ; ಓಡಿಸುತ್ತಿದ್ದದ್ದು ಆಕ್ಸೆಲ್. "ಸಮುದ್ರದ ಕಡೆ ಹೋಗೋಣ್ವಾ?" ಎಂದು ನಾನು ಸ್ಟಿಯರಿಂಗ್ ಕಡೆಯ ಬಾಗಿಲು ತೆಗೆದೆ. "ಹೋಗೋಣಪ್ಪ," ಎಂದು ಚಾಲಕನ ಖಾಲಿ ಸೀಟಿನ ಮೇಲೆ ಕೈಯಿಟ್ಟರು, "ಒಂಚೂರು ತಡಿ."