ಲಿಸ್ಬನ್ನಿನ ಇಗರ್ಜಿಯಲ್ಲಿ ಆಂಟಿ ಹಾಕಿದ ಸಹಿ

ಕಳೆದ ವಾರ ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬ. ಕೇಕಿನ ಮೇಲಿನ ಮೇಣದಬತ್ತಿಗಳನ್ನು ಊದಿ ಆರಿಸಿದಾಗ ಎದ್ದ ಹೊಗೆ ನೇರ ನನ್ನ ಮೂಗಿಗೇ ಬಂತು. ಸುಟ್ಟ ದಾರ, ಕರಗಿದ ಮೇಣ… ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಾನು ಮಾತ್ರ ಲಿಸ್ಬನ್ ನಗರದ ಒಂದು ಹಳೆಯ ಇಗರ್ಜಿಯೊಳಗೆ, ಮೇಲ್ಮನೆ ಆಂಟಿಯನ್ನು ನೋಡುತ್ತಾ ನಿಂತುಬಿಟ್ಟಿದ್ದೆ.

ಟೊರೊಂಟೊದ ರೆಕ್ಸ್‌ಡೇಲಿನಲ್ಲಿ ನಾನು ಆರು ವರ್ಷ ಬಾಡಿಗೆಗಿದ್ದದ್ದು ಅವರ ಮನೆಯ ಬೇಸ್‌ಮೆಂಟಿನಲ್ಲಿ. ಮಂಗಳೂರು ಕಡೆಯ ಕ್ರಿಶ್ಚಿಯನ್ನರು, ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ನನ್ನ ಮೈಸೂರು ಕನ್ನಡ ಅವರಿಗೆ ತಮಾಷೆ, ಅವರದು ನನಗೆ. ಅಡುಗೆಮನೆಯಿಂದ ಕೆಳಗಿಳಿಯುವ ಮೆಟ್ಟಿಲಿನ ಬಾಗಿಲು ಸದಾ ತೆರೆದೇ ಇರುತ್ತಿತ್ತು. "ಊಟ ಆಯ್ತಾ ನಿಂದು? ನೀರುದೋಸೆ ಉಂಟು, ಬಾ" ಎಂದು ಅಲ್ಲಿಂದಲೇ ಕೂಗುತ್ತಿದ್ದರು. ಗಂಡ ಹಡಗಿನಲ್ಲಿ ಕೆಲಸಕ್ಕಿದ್ದರೆಂದೂ, ಮಗಳಿಗೆ ಮೂರು ವರ್ಷವಾಗಿದ್ದಾಗ ಸಮುದ್ರದಲ್ಲಿ ತೀರಿಹೋದರೆಂದೂ ಹೇಳಿದ್ದರು. ಹಾಲಿನ ಗೋಡೆಯ ಮೇಲೆ ಗಂಡನ ಫೋಟೋ, ಅದರ ಕೆಳಗೊಂದು ಪುಟ್ಟ ಕೆಂಪು ದೀಪ. ಮಗಳು ಅಲ್ಲೇ ಹತ್ತಿರದ ಜಾರ್ಜ್‌ಟೌನ್ ಊರಿನಲ್ಲಿದ್ದಳು. ಭಾನುವಾರ ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದಳು.

ನನ್ನ ಕೆಲಸ ಒಂದು ಬ್ಯಾಂಕಿನಲ್ಲಿ, ವಂಚನೆ ಪತ್ತೆ ಮಾಡುವ ವಿಭಾಗದಲ್ಲಿ. ಯಾವ ಮುದುಕಿ ಯಾವ ದೇಶದ ಅಪರಿಚಿತನನ್ನು ಇದ್ದಕ್ಕಿದ್ದಂತೆ ನಂಬಿದಳು ಎಂದು ದಿನವಿಡೀ ಹುಡುಕುತ್ತಾ ಕೂರುವವಳು ನಾನು. ಸಂಜೆ ಮನೆಗೆ ಹೊರಟಾಗ ಆ ಕಣ್ಣನ್ನು ಅಲ್ಲೇ ಬಿಟ್ಟು ಬರುವುದು ನನಗೆ ಗೊತ್ತಿರಲಿಲ್ಲ.

ಆಂಟಿಗೆ ಪೋರ್ಚುಗಲ್ಲಿನಿಂದ ಕಾಗದಗಳು ಬರುವುದನ್ನು ಗಮನಿಸಿದ್ದು ಆ ಕಣ್ಣೇ. ಪ್ರತಿ ಸಲವೂ ಅದೇ ಕೈಬರಹ. ಟಪಾಲು ತಂದು ಕೊಟ್ಟರೆ ಥಟ್ಟನೆ ತೆಗೆದುಕೊಂಡು ಕುಚ್ಚಲಕ್ಕಿ ಡಬ್ಬದ ಅಡಿಗೆ ಸೇರಿಸಿಬಿಡುತ್ತಿದ್ದರು.

"ಯಾರದು ಆಂಟಿ?"

"ಯಾರದ್ದೂ ಇಲ್ಲ ಮಾರಾಯ್ತಿ. ಇಗರ್ಜಿಯವರದ್ದು."

ಒಂದು ಚಳಿಗಾಲ ಮುಗಿಯುತ್ತಿದ್ದಾಗ ಅವರೇ ಕೇಳಿದರು. "ನಾಲ್ಕು ದಿನ ಲಿಸ್ಬನ್ನಿಗೆ ಹೋಗಿ ಬರುವನಾ? ಒಂದು ಹಳೇ ಇಗರ್ಜಿ ನೋಡ್ಲಿಕ್ಕುಂಟು. ಈ ಮಂಡಿ ಇಟ್ಕೊಂಡು ಒಬ್ಬಳೇ ಆಗುದಿಲ್ಲ ನಂಗೆ."

"ಮಗಳನ್ನ ಕರ್ಕೊಂಡು ಹೋಗಬಹುದಲ್ಲಾ?"

"ಅವಳಿಗೆ ರಜೆ ಎಲ್ಲಿಂದ?" ಎಂದು ಮಾತು ತಿರುಗಿಸಿದರು. ಮಗಳನ್ನು ಅವರು ಕೇಳಿಯೇ ಇರಲಿಲ್ಲ ಎಂಬುದು ಎರಡು ದಿನದ ನಂತರ ಅವಳೇ ಫೋನ್ ಮಾಡಿದಾಗ ತಿಳಿಯಿತು.

"ಮಮ್ಮಿ ಏನೋ ಹೈಡ್ ಮಾಡ್ತಾ ಇದ್ದಾರೆ. ಯಾರೋ ಲೆಟರ್ಸ್ ಬರೀತಾನೆ ಅವರಿಗೆ. ನೀವು ಬ್ಯಾಂಕಲ್ಲಿ ಇದೇ ಕೆಲಸ ಅಲ್ವಾ ಮಾಡುದು? ಪ್ಲೀಸ್, ಸ್ವಲ್ಪ ವಾಚ್ ಮಾಡಿ. ಎಲ್ಲಾದ್ರೂ ಸೈನ್ ಮಾಡಿಸಿಕೊಂಡ್ರೆ ಕೂಡಲೇ ನಂಗೆ ಹೇಳಿ."

ಒಪ್ಪಿಕೊಂಡೆ. ಒಪ್ಪಿಕೊಂಡದ್ದನ್ನು ಆಂಟಿಗೆ ಹೇಳಲಿಲ್ಲ.

ಲಿಸ್ಬನ್ನಿಗೆ ಹೋದ ಎರಡನೆಯ ದಿನ ಆ ಇಗರ್ಜಿಗೆ ನಡೆದೆವು. ಹೊರಗಿನಿಂದ ಸಾದಾ ಕಟ್ಟಡ. ಒಳಗೆ ಕಾಲಿಟ್ಟರೆ ಮೊದಲು ಕಂಡದ್ದು ಸುಟ್ಟ ಕಲ್ಲು. ಹಿಂದೊಮ್ಮೆ ಬೆಂಕಿ ಬಿದ್ದು ಒಳಗೆಲ್ಲ ಸುಟ್ಟುಹೋಗಿತ್ತಂತೆ. ಚಾವಣಿ ಹೊಸದು. ಕಂಬಗಳನ್ನು ಮಾತ್ರ ಸುಟ್ಟಂತೆಯೇ ಬಿಟ್ಟಿದ್ದರು, ಕಲ್ಲು ಚಕ್ಕೆಚಕ್ಕೆಯಾಗಿ ಎದ್ದು ಬಿರಿದಿತ್ತು. ಎಲ್ಲೆಲ್ಲೂ ಮೇಣದ ವಾಸನೆ. ಆಂಟಿ ಬಾಗಿಲ ಬಳಿಯ ತೀರ್ಥಕ್ಕೆ ಬೆರಳದ್ದಿ ಶಿಲುಬೆಯ ಗುರುತು ಮಾಡಿಕೊಂಡು ನನಗೊಂದು ಬೆಂಚು ತೋರಿಸಿದರು. "ನೀನು ಇಲ್ಲೇ ಕೂತುಕೋ. ನಾನು ಈಗ ಬಂದೆ."

ಪಕ್ಕದ ಪೀಠದ ಹತ್ತಿರ ಬಿಳಿಗೂದಲಿನ ಮುದುಕನೊಬ್ಬ ಕಾದಿದ್ದ. ಕೊಂಕಣಿಯಲ್ಲಿ ಮಾತು ಶುರುವಾಯಿತು. ಅವನು ಆಂಟಿಯ ಕೈ ಹಿಡಿದವನು ಬಿಡಲೇ ಇಲ್ಲ. ನಾನು ಎದ್ದು ಒಂದು ಕಂಬದ ಮರೆಗೆ ಹೋದೆ. ಮುದುಕ ಕೋಟಿನ ಜೇಬಿನಿಂದ ಕಾಗದ ತೆಗೆದು, ಬೆಂಚಿನ ಮೇಲೆ ಹರಡಿ, ಇಲ್ಲಿ ಎಂದು ಬೆರಳಿಟ್ಟು ತೋರಿಸಿದ. ಆಂಟಿ ಓದಲೂ ಇಲ್ಲ, ಸಹಿ ಮಾಡಿದರು. ಇಂಥದ್ದೇ ಎಷ್ಟು ಕೇಸು ನೋಡಿದ್ದೆ ನಾನು! ಫೋಟೋ ತೆಗೆದು, 'ಸೈನ್ ಮಾಡಿಬಿಟ್ಟರು' ಎಂದು ಬರೆದು, ಮಗಳಿಗೆ ಕಳಿಸಿದೆ. ಟೊರೊಂಟೊದಲ್ಲಿ ಆಗಿನ್ನೂ ಬೆಳಗಿನ ಆರು ಗಂಟೆ. ಅವಳು ಕೆಲಸಕ್ಕೆ ಟ್ರೈನು ಹತ್ತಿದ್ದಳು.

ಎರಡೇ ನಿಮಿಷದಲ್ಲಿ ಆಂಟಿಯ ಬ್ಯಾಗಿನೊಳಗಿನ ಫೋನು ಇಡೀ ಇಗರ್ಜಿಗೆ ಕೇಳುವಂತೆ ಹೊಡೆದುಕೊಂಡಿತು. ಎತ್ತಿ ಮಾತಾಡತೊಡಗಿದವರು ನಡುವೆಯೇ ನಿಲ್ಲಿಸಿದರು. ಅವರ ಕಣ್ಣು ನಿಧಾನವಾಗಿ ಸುತ್ತಲೂ ಹುಡುಕಿ, ಕಂಬದ ಪಕ್ಕದಲ್ಲಿದ್ದ ನನ್ನ ಮೇಲೆ ಬಂದು ನಿಂತಿತು. ಆಮೇಲೆ ಫೋನಿನಲ್ಲಿ ಮಗಳಿಗೆ ಕೊಂಕಣಿಯಲ್ಲಿ ನಾಲ್ಕು ಮಾತು ಹೇಳಿದರು. ನನಗೆ ಅರ್ಥವಾದದ್ದು ಒಂದೇ ಪದ, ಪಪ್ಪ.

ಹೊರಗೆ ಮೆಟ್ಟಿಲ ಮೇಲೆ ಕೂತಾಗಲೂ ಬೈಯಲಿಲ್ಲ. "ಕೇಳಿದ್ದರೆ ನಾನೇ ಹೇಳ್ತಿದ್ದೆನಲ್ಲ ನಿಂಗೆ" ಅಂದರು. ಆಮೇಲೆ ಎಲ್ಲವನ್ನೂ ಹೇಳಿದರು. ಗಂಡ ಸಮುದ್ರದಲ್ಲಿ ಸತ್ತಿರಲಿಲ್ಲ. ಈ ಊರಲ್ಲಿ ಹಡಗಿನಿಂದ ಇಳಿದವರು ಮತ್ತೆ ಹತ್ತಲಿಲ್ಲ, ಇನ್ನೊಬ್ಬಳೊಡನೆ ಸಂಸಾರ ಹೂಡಿದರು. "ಅಪ್ಪ ಬಿಟ್ಟು ಹೋದ ಅಂತ ಮಗು ಕೊರಗುದು ಬೇಡ ಅಂತ ನಾನೇ ಅವರನ್ನು ಸಮುದ್ರಕ್ಕೆ ಹಾಕಿದೆ." ಆ ಇನ್ನೊಬ್ಬಳು ಮೊದಲೇ ತೀರಿಕೊಂಡಿದ್ದಳು. ಆ ಚಳಿಗಾಲದಲ್ಲಿ ಗಂಡನೂ ತೀರಿಹೋಗಿದ್ದರು. ಅಂತ್ಯಕ್ರಿಯೆಯ ಪೂಜೆ ನಡೆದದ್ದು ಇದೇ ಇಗರ್ಜಿಯಲ್ಲಿ. ಗಂಡನ ಸುದ್ದಿ ತಿಳಿಸಿ ಕಾಗದ ಬರೆಯುತ್ತಿದ್ದ ಬಿಳಿಗೂದಲಿನವರು ಅದೇ ಹಡಗಿನ ಹಳೆಯ ಗೆಳೆಯ. ಸಮಾಧಿಗೆ ಹೆಸರಿನ ಕಲ್ಲು ಹಾಕಿಸಲು ದಾಖಲೆಯಲ್ಲಿರುವ ಹೆಂಡತಿಯ ಸಹಿ ಬೇಕಿತ್ತು. ಅಷ್ಟೇ.

"ವಾಚ್ ಮಾಡಿ ಅಂತ ನಿಮ್ಮ ಮಗಳೇ ಹೇಳಿದ್ದು" ಅಂದೆ ನಾನು. ತಪ್ಪಾಯ್ತು ಅನ್ನಬೇಕಿದ್ದ ಹೊತ್ತಿನಲ್ಲಿ ನನ್ನ ಬಾಯಿಂದ ಬಂದ ಮಾತು ಅದು.

ವಾಪಸು ಬಂದಾಗ ಮಗಳು ಏರ್‌ಪೋರ್ಟಿಗೆ ಬಂದಿದ್ದಳು. ಸೂಟ್‌ಕೇಸು ತೆಗೆದುಕೊಂಡಳು, ತಾಯಿಯ ಮುಖ ನೋಡಲಿಲ್ಲ. ಕಾರಿನಲ್ಲಿ ಒಂದೇ ಸಲ ಬಾಯಿಬಿಟ್ಟಳು. "ಈ ಚಳಿಗಾಲದವರೆಗೂ ಇದ್ದರಲ್ಲ ಪಪ್ಪ. ಐ ಕುಡ್ ಹ್ಯಾವ್ ಮೆಟ್ ಹಿಮ್." ಭಾನುವಾರಗಳು ನಿಂತವು.

ಮೆಟ್ಟಿಲಿನ ಬಾಗಿಲಿಗೂ ಚಿಲಕ ಬಿತ್ತು. ನನ್ನ ಬುದ್ಧಿ ನೋಡಿ, ಆಗಲೂ ನನಗೆ ಅನುಮಾನವೇ. ಮನೆ ಬಿಡಿಸುವ ಯೋಚನೆ ಇರಬೇಕು ಎಂದುಕೊಂಡೆ. ಆದರೆ ಅವರು ಮನೆ ಬಿಡು ಅನ್ನಲಿಲ್ಲ. ದಾರಿಯಲ್ಲಿ ಸಿಕ್ಕಾಗ ನಗುತ್ತಿದ್ದರು. ಊಟಕ್ಕೆ ಮಾತ್ರ ಕರೆಯಲಿಲ್ಲ. ಮುಂದಿನ ವರ್ಷ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದಾಗ ಮಗಳು ಬಂದಳು. ಅಷ್ಟು ಹೊತ್ತಿಗೆ ಆಂಟಿಯ ಬಾಯಿಗೆ ಆಕ್ಸಿಜನ್ ಮಾಸ್ಕ್ ಹಾಕಿದ್ದರು… ಐದನೆಯ ದಿನ ತೀರಿಕೊಂಡರು. ಮಣ್ಣು ಮಾಡಿದ ದಿನ ಮಗಳು ನನ್ನ ಕೈ ಕುಲುಕಿ, "ನೀವು ಹೇಳದಿದ್ರೆ ನಂಗೆ ಗೊತ್ತೇ ಆಗ್ತಿರಲಿಲ್ಲ, ಥ್ಯಾಂಕ್ಸ್" ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಈಗ ನಾನು ಟೊರೊಂಟೊದ ಇನ್ನೊಂದು ತುದಿಯ ಸ್ಕಾರ್‌ಬರೋದಲ್ಲಿದ್ದೇನೆ. ಹುಟ್ಟುಹಬ್ಬದ ಆ ಸಂಜೆ ಮನೆಗೆ ಬಂದು ಆಂಟಿಯ ಮಗಳಿಗೆ ಫೋನ್ ಮಾಡಿದೆ, ಮೂರು ವರ್ಷಗಳ ನಂತರ. ಆಂಟಿಯ ಹತ್ತಿರ ಕೇಳಬೇಕಿದ್ದ ಕ್ಷಮೆಯನ್ನು ಅವಳ ಹತ್ತಿರ ಕೇಳಿದೆ. ಅವಳು ಕೇಳಿಸಿಕೊಂಡಳು. ಆಮೇಲೆ ಬೇರೆಯೇ ಏನೋ ಕೇಳಿದಳು.

"ಸೈನ್ ಮಾಡುವಾಗ ಮಮ್ಮಿ ಅಳ್ತಾ ಇದ್ರಾ? ಫೋಟೋದಲ್ಲಿ ಫೇಸ್ ಕಾಣುದಿಲ್ಲ."

ನಾನು ನೆನಪಿಸಿಕೊಳ್ಳಲು ನೋಡಿದೆ. ಕಾಗದ ನೆನಪಿತ್ತು. ಪೆನ್ನು, ಮುದುಕನ ಬೆರಳು, ಸಹಿ ಮಾಡುತ್ತಿದ್ದ ಕೈ ನೆನಪಿದ್ದವು.

"ಗೊತ್ತಿಲ್ಲ" ಅಂದೆ. "ನಾನು ಮುಖ ನೋಡಲಿಲ್ಲ."