ಗುರುತಿಲ್ಲದ ಅಂಗಿ

ನಮ್ಮಜ್ಜಿಯ ಬಗ್ಗೆ ಹೇಳಬೇಕೆಂದರೆ ಮೊದಲು ಅವಳ ಬಾಯಿಯ ಬಗ್ಗೆ ಹೇಳಬೇಕು. ಲಾಂಡ್ರಿಗೆ ಬಂದವರು ಎಷ್ಟೇ ದೊಡ್ಡ ಮನುಷ್ಯರಾಗಿರಲಿ, "ಈ ಪ್ಯಾಂಟ್ ಹಾಕ್ಕೊಂಡು ಊಟ ಮಾಡಿದ್ರೋ, ಪ್ಯಾಂಟಿಗೇ ಊಟ ಮಾಡ್ಸಿದ್ರೋ?" ಎಂದು ಮುಖಕ್ಕೇ ಕೇಳುವವಳು. ಅಂಥವಳು ಒಂದೇ ಒಂದು ವಿಷಯದಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಮುದುಕಿಯಾದಳು. ಆ ಬೀಗ ತೆಗೆಸಿದವಳು ನಾನು. ಅದಕ್ಕೆ ಯಾರೂ ನನ್ನ ಬೆನ್ನು ತಟ್ಟಬೇಕಾಗಿಲ್ಲ.

ನಮ್ಮ ಲಾಂಡ್ರಿಯಲ್ಲಿ ಪ್ರತಿ ಮನೆಯ ಬಟ್ಟೆಗೂ ಒಂದು ಗುರುತು. ಕಾಲರಿನ ಒಳಗೆ ಕೆಂಪು ದಾರದ ಪುಟ್ಟ ಹೊಲಿಗೆ. ಡಾಕ್ಟರ ಮನೆಗೆ ಗೀಟು, ಬೇಕರಿಯವರಿಗೆ ಕೊಕ್ಕೆ, ದೊಡ್ಡಮನೆಗೆ ತ್ರಿಕೋನ. ನಮ್ಮ ಬಟ್ಟೆಗೆ ಮಾತ್ರ ಗುರುತಿಲ್ಲ. ಗುರುತಿಲ್ಲದ್ದು ಸಿಕ್ಕಿತೋ, ಅದು ನಮ್ಮದು, ನಮ್ಮ ಬುಟ್ಟಿಗೆ ಹಾಕುವುದು.

ದೊಡ್ಡಮನೆಯಿಂದ ವರ್ಷಕ್ಕೊಮ್ಮೆ ಒಂದು ಹಳೆಯ ಬಿಳಿ ಅಂಗಿ ಒಗೆಯಲು ಬರುತ್ತಿತ್ತು. ಯುದ್ಧದ ಕಾಲದಲ್ಲಿ, ಹೊಳೆಯಲ್ಲಿ ದೋಣಿ ಮಗುಚಿ ಸತ್ತ ಆ ಮನೆಯ ಮಗನ ಅಂಗಿ. ಪ್ರತಿ ವರ್ಷ ಅವನು ತೀರಿಕೊಂಡ ದಿನ ಬಂದಾಗ ಅದನ್ನು ಗಾಜಿನ ಕಪಾಟಿನಲ್ಲಿಟ್ಟು ನೆಂಟರಿಗೆ ತೋರಿಸುತ್ತಾರೆ. ಅಜ್ಜಿ ಅದನ್ನು ನಮ್ಮಲ್ಲಿ ಯಾರಿಗೂ ಮುಟ್ಟಲು ಬಿಡದೆ, ಬಿಡಿಗಾಸು ಮುಟ್ಟದೆ, ತಾನೇ ಒಗೆದು ಇಸ್ತ್ರಿ ಮಾಡುತ್ತಿದ್ದಳು. ನನಗೆ ಹದಿನೇಳಾದ ವರ್ಷ ಅವಳ ಭುಜ ನೋವಿನಿಂದ ಹಿಡಿದುಕೊಂಡಿದ್ದರಿಂದ ಇಸ್ತ್ರಿ ನನ್ನ ಪಾಲಿಗೆ ಬಂತು.

ತೋಳಿನ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿ ತಡೆಯಿತು. ಒಳಗೆ ತಿರುವಿ ನೋಡಿದರೆ ಎರಡೂ ತೋಳಿಗೆ ಮಡಿಕೆ ಹಾಕಿ ಕಚ್ಚಾ ಹೊಲಿಗೆ ಹಾಕಿದೆ, ಕುಳ್ಳಗಿನವರಿಗೆಂದು ಗಿಡ್ಡ ಮಾಡಿದಂತೆ. ಅಂಗಿ ಹಳದಿ ತಿರುಗಿದೆ, ದಾರ ಮಾತ್ರ ಹೊಸದು. ತಲುಪಿಸಲು ಹೋದಾಗ ಹಜಾರದಲ್ಲಿ ಸತ್ತವನ ಪಟ ನೋಡಿದೆ. ಬಾಗಿಲ ಚೌಕಟ್ಟಿಗೆ ತಲೆ ತಾಗುವಂಥ ಆಳು. ತೋಳು ಗಿಡ್ಡ ಮಾಡಿಸಿಕೊಳ್ಳಲು ಅಷ್ಟುದ್ದದ ಕೈಯವನಿಗೇನು ತಲೆ ಕೆಟ್ಟಿತ್ತೇ?

ಬಂದವಳೇ ಕೇಳಿದೆ. "ಆ ತೋಳು ಯಾರದಜ್ಜಿ?"

ಅಜ್ಜಿ ಬಟ್ಟೆ ವಿಂಗಡಿಸುತ್ತಿದ್ದ ಕೈ ನಿಲ್ಲಿಸಿದಳು. "ಗುಬ್ಬೀದು."

ಗುಬ್ಬಿ ಅವಳ ಅಣ್ಣ. ಕುಳ್ಳ ಅಂತ ಆ ಹೆಸರು. "ಅವನು ಮನೆ ಬಿಟ್ಟು ಓಡಿಹೋದ ಅಂತ ಹೇಳ್ತಿದ್ರಲ್ಲ?"

"ಎಲ್ಲಿಗೂ ಓಡ್ಲಿಲ್ಲ ಕಣೇ. ಇಲ್ಲೇ, ಹೊಳೇಲಿ ಹೋದ."

ಗಿರಾಕಿಯ ಬಟ್ಟೆಯನ್ನು ಒಂದು ಸಂಜೆಯ ಮಟ್ಟಿಗೆ ಹಾಕಿಕೊಂಡು ಮೆರೆಯುವುದು ಲಾಂಡ್ರಿಯವರು ಕದ್ದು ಮಾಡುವ ಕೆಲಸ. ಆಗ ಅಜ್ಜಿಗೆ ನನ್ನದೇ ವಯಸ್ಸು. ಆಚೆ ದಡದ ಹುಡುಗಿಯನ್ನು ನೋಡಲು ಹೊರಟ ಗುಬ್ಬಿ ದೊಡ್ಡಮನೆಯ ಅಂಗಿ ಎತ್ತಿಕೊಂಡು, "ತೋಳು ಗಿಡ್ಡ ಮಾಡ್ಕೊಡೇ. ಬೆಳಿಗ್ಗೆ ಬಿಚ್ಚಿದ್ರೆ ಯಾವ ನರಪಿಳ್ಳೆಗೂ ಗೊತ್ತಾಗಲ್ಲ" ಎಂದು ದುಂಬಾಲು ಬಿದ್ದ. ಅವಳು ಹೊಲಿದುಕೊಟ್ಟಳು. ದೋಣಿ ಮಗುಚಿತು. ಹೆಣ ತೇಲುವಷ್ಟರಲ್ಲಿ ಮುಖ ಮುಖವಾಗಿ ಉಳಿದಿರಲಿಲ್ಲ. ಪೊಲೀಸರು ಅಂಗಿ ತಂದು ಕಾಲರಿನ ಗುರುತು ತೋರಿಸಿದರು. ಏನೂ ಗೊತ್ತಿಲ್ಲದ ಅವಳಪ್ಪ, ನಮ್ಮ ಮುತ್ತಜ್ಜ, "ದೊಡ್ಡಮನೇದು" ಎಂದುಬಿಟ್ಟ. ದೊಡ್ಡಮನೆಯ ಮಗನೂ ಅದೇ ವಾರದಿಂದ ಕಾಣೆಯಾಗಿದ್ದ. ಹೆಣವೂ ಅಂಗಿಯೂ ಆ ಮನೆಯ ಪಾಲಾಗಿ, ಸಮಾಧಿಯ ಕಲ್ಲಿನ ಮೇಲೆ ಅವನ ಹೆಸರು ಕೆತ್ತಿಸಿದರು. ಅಲ್ಲಿಗೆ ಮುಗಿಯಿತು.

ಅಜ್ಜಿ ಅಳುತ್ತಾ ನಿಜ ಹೇಳಿದಾಗ ಮುತ್ತಜ್ಜ ಕೈಯಿಂದ ಅವಳ ಬಾಯಿ ಮುಚ್ಚಿದನಂತೆ. "ಗಿರಾಕಿ ಬಟ್ಟೆ ಹಾಕ್ಕೊಂಡು ತಿರುಗ್ತೀವಿ ಅಂತ ಗೊತ್ತಾದ್ರೆ ನಾಳೆಯಿಂದ ಒಂದು ಕರ್ಚೀಫೂ ಬರಲ್ಲ. ಉಳಿದವರ ಹೊಟ್ಟೆಗೆ ಏನ್ ಹಾಕ್ಲಿ?" ಹೆಂಡತಿಗೂ ಮಗ ಓಡಿಹೋದ ಎಂದೇ ಹೇಳಿದ. ಆ ತಾಯಿ ಸಾಯುವವರೆಗೂ ಹಿತ್ತಿಲ ಬಾಗಿಲಿಗೆ ಚಿಲಕ ಹಾಕಲು ಬಿಡಲಿಲ್ಲ.

"ಮತ್ತೆ ಆ ಹೊಲಿಗೆ ಇನ್ನೂ ಯಾಕೆ ಬಿಚ್ಚಿಲ್ಲ?"

"ಬಿಚ್ಚಿದ್ರೆ ಅವನ ಕೈ ಅಳತೆ ಹೋಗ್ಬಿಡುತ್ತಲ್ಲೇ. ದಾರ ಸವೆದಾಗೆಲ್ಲ ಅದೇ ತೂತಲ್ಲಿ ಹೊಸದು ಪೋಣಿಸ್ತೀನಿ. ನನಗೆ ಒಂದೇ ಆಸೆ. ಸಾಯೋದ್ರೊಳಗೆ ಆ ಸಮಾಧಿ ಕಲ್ಲಿನ ಮೇಲೆ ಅವನ ಹೆಸರು ನೋಡ್ಬೇಕು. ಆದ್ರೆ ಹ್ಯಾಗೆ ಕೇಳ್ಲಿ? ನಿಮ್ಮ ಮಗ ಎಲ್ಲಾದ್ರೂ ಬದುಕಿರಬಹುದು ಅನ್ನೋ ಒಂದು ಮಾತು ದೊಡ್ಡಮನೆ ತಾಯಿಗೆ ಹೇಳ್ಲಿಲ್ಲ ನಾನು. ಪಾಪಿ."

ನಾನು ಬಿಡಲಿಲ್ಲ. ಕೈ ಹಿಡಿದು ದೊಡ್ಡಮನೆಗೆ ಕರೆದೊಯ್ದೆ. ಆ ತಾಯಿ ಎಂದೋ ತೀರಿಹೋಗಿದ್ದರು. ಈಗಿನ ಯಜಮಾನಿ ಪಟದಲ್ಲಿದ್ದವನ ತಂಗಿ, ಅಜ್ಜಿಯಷ್ಟೇ ಮುದುಕಿ. ಅಜ್ಜಿ ನಿಂತುಕೊಂಡೇ ಎಲ್ಲ ಹೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು, "ಕ್ಷಮಿಸಿಬಿಡಿ ಅಮ್ಮಾವ್ರೇ" ಎಂದಳು.

ಯಜಮಾನಿ ಬಟ್ಟಲು ಕೆಳಗಿಟ್ಟರು. "ನಮಗೆ ಅವತ್ತೇ ಗೊತ್ತಿತ್ತು. ಹೆಣ ಅಣ್ಣನಿಗಿಂತ ಒಂದು ಗೇಣು ಕುಳ್ಳಗಿತ್ತು. ಹೆತ್ತವಳಿಗೆ ಗೊತ್ತಾಗಲ್ವೆ? ಅಣ್ಣ ಸೈನ್ಯದಿಂದ ತಪ್ಪಿಸ್ಕೊಂಡು ಓಡಿದ್ದ. ಸತ್ತ ಅಂದ್ರೆ ಯಾರೂ ಹುಡುಕಲ್ಲ ಅಂತ ಅಮ್ಮ ಆ ಹೆಣ ಅವನದೇ ಅಂದುಬಿಟ್ಲು. ಅವನು ದೂರದೂರಲ್ಲಿ ಮೊಮ್ಮಕ್ಕಳನ್ನ ಎತ್ತಿ ಆಡ್ಸಿ, ನೆಮ್ಮದಿಯಾಗಿ ಹೋದ."

ನನ್ನ ಮೈ ಉರಿದುಹೋಯಿತು. "ಮತ್ತೆ ವರ್ಷಾ ವರ್ಷಾ ಈ ಅಂಗಿ ಯಾಕೆ ಕಳಿಸ್ತಿದ್ರಿ?"

"ನೆಂಟರ ಬಾಯಿ ಮುಚ್ಚಿಸ್ಬೇಕಿತ್ತಲ್ಲಮ್ಮ."

ಅಜ್ಜಿ ಮೆಲ್ಲಗೆ ಕೇಳಿದಳು. "ಕಲ್ಲಿನ ಮೇಲೆ ಅವನ ಹೆಸರು..."

"ಈಗ ಬದಲಾಯಿಸಿದ್ರೆ ನಮ್ಮ ಮಾನ ಏನಾಗ್ಬೇಕು? ಅಷ್ಟಕ್ಕೂ ಅಂಥಾ ಕಲ್ಲು ನಿಮ್ಮ ಕೈಲಿ ಹಾಕ್ಸೋಕಾಗ್ತಿತ್ತಾ?"

ಊರನ್ನೇ ಬೈದು ಬದುಕಿದ ಅಜ್ಜಿಗೆ ಅಲ್ಲಿ ಒಂದು ಬೈಗುಳವೂ ಹೊರಡಲಿಲ್ಲ. ದಾರಿಯುದ್ದಕ್ಕೂ ಒಂದೇ ಮಾತು, "ನಮ್ಮಮ್ಮ ಬಾಗಿಲು ತೆಗ್ದಿಟ್ಕೊಂಡೇ ಸತ್ಲು. ಇವರಿಗೆ ಗೊತ್ತಿತ್ತಂತೆ."

ಮರುವರ್ಷ, ಏನೂ ನಡೆದೇ ಇಲ್ಲವೆಂಬಂತೆ, ಅಂಗಿ ಮತ್ತೆ ಬಂತು. ನಾಚಿಕೆ ಅನ್ನುವುದು ಆ ಮನೆಯಲ್ಲಿ ಯಾರಿಗೂ ಇಲ್ಲ. ನಾನು ಎಸೆಯಲು ಹೋದೆ, ಅಜ್ಜಿ ಕಿತ್ತುಕೊಂಡಳು. ಒಗೆದಳು, ಒಣಗಿಸಿದಳು. ಕಿಟಕಿಯ ಬೆಳಕಿಗೆ ಕೂತು ಸೂಜಿಯ ತುದಿಯಿಂದ ಕಾಲರಿನ ಕೆಂಪು ತ್ರಿಕೋನವನ್ನು ಎಳೆ ಎಳೆಯಾಗಿ ಕಿತ್ತಳು. ತೋಳಿನ ಹೊಲಿಗೆ ಹಾಗೇ ಬಿಟ್ಟಳು. ಆಮೇಲೆ ಮಡಚಿ ನಮ್ಮ ಬುಟ್ಟಿಗೆ ಹಾಕಿದಳು.

ದೊಡ್ಡಮನೆಯ ಡ್ರೈವರ್ ಕೇಳಿಕೊಂಡು ಬಂದ. "ನಿಮ್ಮ ಗುರುತಿನ ಅಂಗಿ ಯಾವ್ದೂ ಇಲ್ಲಿಲ್ಲಪ್ಪ. ಬೇಕಾದ್ರೆ ಹುಡ್ಕೊ" ಎಂದಳು ಅಜ್ಜಿ. ಅವನು ಗಂಟುಗಳನ್ನೆಲ್ಲ ಬಿಚ್ಚಿದ. ಕೊನೆಗೆ ನಮ್ಮ ಬುಟ್ಟಿಗೂ ಕೈ ಹಾಕಿ, ಬಿಳಿ ಅಂಗಿ ಎತ್ತಿ, ಕಾಲರ್ ತಿರುವಿ ನೋಡಿದ. ಅಲ್ಲಿ ಏನೂ ಇರಲಿಲ್ಲ.

"ಇದ್ಯಾರದು?"

ಕಲ್ಲಿನ ಮೇಲೆ ಇವತ್ತಿಗೂ ಬೇರೆಯವನ ಹೆಸರೇ ಇದೆ. ಅಜ್ಜಿ ಅವನ ಕೈಯಿಂದ ಅಂಗಿ ತೆಗೆದುಕೊಂಡು ಹೇಳಿದಳು, "ನಮ್ಮ ಹುಡುಗಂದು."