ತಾರಾನಾಥರ ಬಿಲ್ಲಿಗೆ ಹಾವಿನ ಚರ್ಮ

ನನ್ನ ಗಂಡ ತಾರಾನಾಥರಿಗೆ ಬಿಲ್ಲು ಮಾಡುವ ಹುಚ್ಚು ಹಿಡಿದದ್ದು ಕೋವಿಡ್ ಕಾಲದಲ್ಲಿ. ಅಮೆರಿಕದ ನಮ್ಮ ಊರು ಆಶ್‌ಬರ್ನಿನ ಉಳಿದ ಗಂಡಸರು ಆಗ ಬ್ರೆಡ್ ಮಾಡಿ, ಗಡ್ಡ ಬಿಟ್ಟು ಸುಮ್ಮನಾದರು. ಇವರು ಗರಾಜಿನಿಂದ ನನ್ನ ಕಾರನ್ನು ಹೊರಗೆ ಹಾಕಿ ಹಿಕರಿ ಎಂಬ ಗಟ್ಟಿ ಮರದ ಹಲಗೆ ತಂದಿಟ್ಟರು. ಹಗಲು ಡೇಟಾ ಸೆಂಟರಿನ ಕೆಲಸ, ಸಂಜೆ ಮರ ಕೆರೆಯುವುದು. ಆ ಹೊಟ್ಟು ನನ್ನ ಒಗ್ಗರಣೆಯವರೆಗೂ ಬರುತ್ತಿತ್ತು. ಇಷ್ಟೆಲ್ಲ ಮಾಡಿ ಹೆದೆ ಕಟ್ಟಿ ಎಳೆದರೆ ಬಿಲ್ಲು ಫಟ್ಟನೆ ಮುರಿಯುತ್ತಿತ್ತು. ಸಾಕು ಮಾಡಿ ಎಂದು ಇವರಿಗೆ ಹೇಳುವುದು ಗೋರ್ಕಲ್ಲ ಮೇಲೆ ಮಳೆ ಗರೆದಂತೆ.

ಕಳೆದ ವರ್ಷ ಒಂದು ಬಿಲ್ಲು ಮುರಿಯಲಿಲ್ಲ. ಅದನ್ನು ಹಾಗೇ ಬಿಡಬಾರದೇ? ಬಿಲ್ಲಿನ ಬೆನ್ನಿಗೆ ಹಾವಿನ ಚರ್ಮ ಅಂಟಿಸಿದರೆ ಮರಕ್ಕೆ ತೇವ ತಾಗುವುದಿಲ್ಲವಂತೆ. ಕರೊಲೈನಾದ ಗೆಳೆಯನಿಂದ ರ್‍ಯಾಟಲ್‌ಸ್ನೇಕ್ ಎಂಬ ವಿಷದ ಹಾವಿನ ಚರ್ಮ ತಂದು ಫ್ರೀಜರಿನಲ್ಲಿಟ್ಟರು. ತೆಂಗಿನ ತುರಿಯೆಂದು ಕೈ ಹಾಕಿದ ನನಗೆ ಅದು ಸಿಕ್ಕಿತು.

ನಾವು ಉಡುಪಿ ಕಡೆಯವರು. ದಾರಿಯಲ್ಲಿ ನಾಗರಹಾವಿನ ಹೆಣ ಕಂಡರೆ ಮನುಷ್ಯರಿಗೆ ಮಾಡುವಂತೆ ಸುಟ್ಟು, ಸೂತಕ ಹಿಡಿಯುವ ಜನ. ಹಾವಿಗೆ ಅಪಚಾರವಾದರೆ ಮನೆಯ ಹೆಣ್ಣುಮಕ್ಕಳ ಬಸಿರಿಗೆ ಕೇಡು ಎಂದು ನನ್ನಜ್ಜಿ ಹೇಳುತ್ತಿದ್ದರು. ಜಾನ್ಸ್ ಕ್ರೀಕ್ ಎಂಬ ಊರಿನಲ್ಲಿರುವ ನಮ್ಮ ಮಗಳು ಅಕ್ಷಯಾಳಿಗೆ ಹಿಂದೊಮ್ಮೆ ಬಸಿರಾಗಿ ಗರ್ಭ ನಿಂತಿರಲಿಲ್ಲ.

"ಇದು ಅಮೆರಿಕದ ಹಾವು ಕಣೇ. ನಿಮ್ಮಜ್ಜಿ ರೂಲ್ಸ್ ಇದಕ್ಕೆ ಅಪ್ಲೈ ಆಗಲ್ಲ," ಎಂದರು ಇವರು.

"ಮಗಳೂ ಅಮೆರಿಕದಲ್ಲೇ ಇರೋದು ರೀ," ಎಂದೆ.

ಕೇಳುವವರು ಯಾರು? ಚರ್ಮ ನೆನೆಸಿ, ಅಂಟು ಬಳಿದು, ಒಂದು ಸುಕ್ಕೂ ಬಾರದಂತೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ಕೂರಿಸಿದರು. ಎಳೆಮಗುವಿಗೆ ಎಣ್ಣೆ ಹಚ್ಚುವಷ್ಟು ನಿಧಾನ. ಬಿಲ್ಲು ಚೆನ್ನಾಗಿಯೇ ಬಂತು. ಅದನ್ನು ಒಪ್ಪಿಕೊಳ್ಳಲು ನನಗೆ ಮೈ ಉರಿಯುತ್ತದೆ.

ಒಂದು ಶನಿವಾರ ಬೆಳಿಗ್ಗೆ ಅಕ್ಷಯಾ ಫೋನ್ ಮಾಡಿದಳು. "ಅಮ್ಮ, ಐ ಆಮ್ ಪ್ರೆಗ್ನೆಂಟ್ ಅಗೇನ್. ತುಂಬಾ ಭಯ ಆಗ್ತಿದೆ." ಸ್ಪೀಕರಿನಲ್ಲಿ ಇವರೂ ಕೇಳಿಸಿಕೊಂಡರು.

ಫೋನಿಟ್ಟ ಮೇಲೆ ನಾನು ರೇಗಿದೆ. "ಲ್ಯಾನ್‌ಹ್ಯಾಮ್ ದೇವಸ್ಥಾನಕ್ಕೆ ಹೋಗಿ ಭಟ್ಟರನ್ನ ಕೇಳಿ ಬರ್ತೀನಿ. ಅಲ್ಲೀವರೆಗೆ ನೀವು ಏನೂ ಮಾಡ್ಬೇಡಿ."

ಟ್ರಾಫಿಕ್ಕಿನ ಉದ್ದಕ್ಕೂ ನಾನು ಬೈದುಕೊಂಡೇ ಹೋದೆ.

ಭಟ್ಟರು ಎಲ್ಲ ಕೇಳಿ ನಕ್ಕರು. "ಕೊಂದಿದ್ದು ನೀವಲ್ಲ, ಅದು ನಾಗರಹಾವೂ ಅಲ್ಲ. ದೋಷ ಏನಿಲ್ಲಮ್ಮ. ಮಗಳ ಹೆಸರಲ್ಲಿ ಒಂದು ಅರ್ಚನೆ ಮಾಡ್ಸಿ. ಪಾಪ, ಬಿಲ್ಲು ಇಟ್ಕೊಳ್ಲಿ ಬಿಡಿ."

ಮನೆಗೆ ಬಂದರೆ ಹಿತ್ತಲಲ್ಲಿ ಸುಟ್ಟ ತುಪ್ಪದ ವಾಸನೆ. ಬೇಸಿಗೆಯಲ್ಲಿ ಜೋಳ ಸುಡುವ ನಮ್ಮ ಗ್ರಿಲ್ಲಿನಲ್ಲಿ ಬೂದಿ. ಇವರು ಸ್ನಾನ ಮಾಡಿ ಒದ್ದೆ ಪಂಚೆಯಲ್ಲಿ ಪಕ್ಕದಲ್ಲೇ ನಿಂತಿದ್ದರು. ಮದುವೆಗೆ ಮುಂಚಿನಿಂದಲೂ ಇದ್ದ ಮೀಸೆ ಇರಲಿಲ್ಲ.

"ಏನ್ರೀ ಇದು?"

"ಹತ್ರ ಬರ್ಬೇಡ, ಸೂತಕ. ಚರ್ಮ ಬಿಡಿಸೋಕೆ ಟ್ರೈ ಮಾಡ್ದೆ, ಬರ್ಲಿಲ್ಲ. ಅಷ್ಟು ಚೆನ್ನಾಗಿ ಅಂಟಿಸಿಬಿಟ್ಟಿದ್ದೆ. ಅದಕ್ಕೆ ಬಿಲ್ಲನ್ನೇ ಕುಯ್ದು ಬೆಂಕಿಗೆ ಹಾಕ್ದೆ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರೆ. ಈ ಮನುಷ್ಯನಿಗೆ ಎರಡರಲ್ಲಿ ಒಂದನ್ನೂ ಉಳಿಸಿಕೊಳ್ಳುವ ಯೋಗವಿಲ್ಲ. ನಾನು ಬರುವ ತನಕ ಕಾಯಲು ಏನು ಧಾಡಿಯಾಗಿತ್ತು ಎಂದು ಕಿರುಚಬೇಕೆನಿಸಿತು. ಆದರೆ ಮೀಸೆಯಿಲ್ಲದ ಆ ತುಟಿ ನಡುಗುತ್ತಿತ್ತು.

"ಭಟ್ಟರು ಏನಂದ್ರು?" ಎಂದು ಕೇಳಿದರು.

"ಸುಡ್ಲೇಬೇಕು ಅಂದ್ರು," ಎಂದೆ. "ಹೋಗಿ ಬಟ್ಟೆ ಬದಲಾಯ್ಸಿ, ಶೀತ ಆಗುತ್ತೆ."